ಹೊಂದಿಕೊಂಡು ಹೋಗುವವರು ಬೇಕಾಗಿದ್ದಾರೆ

ನಮ್ಮ ಬನಹಟ್ಟಿಯ ಪೇಟೆಯಲ್ಲಿ ಸೀರೆಯ ಸಗಟು ವ್ಯಾಪಾರದ ಒಂದು ಅಂಗಡಿಯಿದೆ. ಅದರ ಬಾಗಿಲಿಗೆ ಹೋದ ವರ್ಷ ಒಂದು ಕಾಗದ ಅಂಟಿಸಿದ್ದರು: ‘ಹೊಸ ವಿಚಾರವುಳ್ಳ, ಚುರುಕಾದ, ಎಲ್ಲದಕ್ಕೂ ಹೊಂದಿಕೊಂಡು ಹೋಗುವ ಕೆಲಸಗಾರರು ಬೇಕಾಗಿದ್ದಾರೆ.’ ಕಾಯಿಪಲ್ಲೆಯ ಚೀಲ ಹಿಡಿದು ಹೊರಟಿದ್ದ ನಾನು ಅದರ ಮುಂದೆ ನಿಂತೆ. ಇಪ್ಪತ್ತೆಂಟು ವರ್ಷ ಕೆಂಪು ಪೆನ್ನು ಹಿಡಿದ ಕೈ ನನ್ನದು. ಗೋಡೆಯ ಮೇಲಿನ ಬರಹ ಕಂಡರೂ ತಿದ್ದುವ ಚಟ. ಕಾಗುಣಿತದ ತಪ್ಪು ಒಂದೂ ಇರಲಿಲ್ಲ. ಆದರೂ ಎಲ್ಲೋ ಏನೋ ತಪ್ಪಿದೆ ಎಂದು ಮನಸ್ಸು ಹೇಳುತ್ತಿತ್ತು.

ಮನೆಗೆ ಬಂದು ಬದನೆಕಾಯಿ ಹೆಚ್ಚುವಾಗ ಅದು ಹೊಳೆಯಿತು. ಹೊಸ ವಿಚಾರ ಇದ್ದವರು ಎಲ್ಲದಕ್ಕೂ ಹೊಂದಿಕೊಂಡು ಹೋಗುವುದು ಹೇಗೆ? ‘ಇದು ಸರಿಯಾಗುತ್ತಿಲ್ಲ, ಬೇರೆ ರೀತಿ ಮಾಡಿ ನೋಡೋಣ’ ಎನ್ನುವುದೇ ಅಲ್ಲವೇ ಹೊಸ ವಿಚಾರ? ಹಾಗೆ ಅನ್ನುವವರು ಎಲ್ಲದಕ್ಕೂ ‘ಹೂಂ’ ಅನ್ನಲಾರರು. ಎಲ್ಲದಕ್ಕೂ ‘ಹೂಂ’ ಅನ್ನುವವರಿಗೆ ಹೊಸ ವಿಚಾರ ಹೊಳೆದರೂ ಅದು ಬಾಯಿಗೆ ಬರುವುದಿಲ್ಲ. ಅಂಗಡಿಯವರು ಒಂದೇ ಸಾಲಿನಲ್ಲಿ ಇಬ್ಬರನ್ನು ಕೇಳಿದ್ದರು, ಒಬ್ಬರ ಸಂಬಳದಲ್ಲಿ.

ಅಕ್ಕತಂಗಿಯರೇ, ಈ ‘ಹೊಂದಿಕೊಂಡು ಹೋಗು’ ಎಂಬ ಮಾತು ನಮಗೆ ಹೊಸದೇ? ಮದುವೆಯ ಮರುದಿನ ನನ್ನನ್ನು ಬಸ್ಸು ಹತ್ತಿಸುವಾಗ ನನ್ನ ಅವ್ವ ಕಣ್ಣೊರೆಸಿಕೊಳ್ಳುತ್ತ ಹೇಳಿದ್ದು ಇದೊಂದೇ ಮಾತು. ‘ಹೊಂದಿಕೊಂಡ ಹೋಗವಾ.’ ಅತ್ತೆ ಬೈದರೆ ಹೊಂದಿಕೊಳ್ಳಬೇಕು, ಬಾವಿ ದೂರವಿದ್ದರೆ ಹೊಂದಿಕೊಳ್ಳಬೇಕು, ಓದುವ ಆಸೆಯಿದ್ದರೆ ಅದನ್ನು ಮಡಚಿಟ್ಟು ಹೊಂದಿಕೊಳ್ಳಬೇಕು. ಅತ್ತೆ, ಬಾವಿ, ಮನೆ ಯಾವುದೂ ನಮ್ಮ ಕಡೆಗೆ ಒಂದಂಗುಲ ಸರಿಯಬೇಕಾಗಿಲ್ಲ. ಇವತ್ತಿಗೂ ವರನ ಕಡೆಯವರು ಕನ್ಯಾ ನೋಡಲು ಬಂದರೆ ಕೇಳುವುದು ಇದನ್ನೇ. ಅಂಗಡಿಯ ಕಾಗದ ಓದಿದಾಗ ನನಗೆ ಅನಿಸಿತು, ಈ ಸಾವಕಾರರು ಕೆಲಸಗಾರರನ್ನು ಹುಡುಕುತ್ತಿಲ್ಲ, ಸೊಸೆಯನ್ನು ಹುಡುಕುತ್ತಿದ್ದಾರೆ.

ಇದನ್ನು ತಮಾಷೆಗೆ ಬರೆಯುತ್ತಿಲ್ಲ. ಆ ಕಾಗದ ನೋಡಿ ಒಳಗೆ ಹೋದವಳು ನನ್ನ ವಿದ್ಯಾರ್ಥಿನಿ. ಅವಳಿಗೆ ಅಲ್ಲಿ ಆದದ್ದರಲ್ಲಿ ನನ್ನದೂ ಒಂದು ಪಾಲಿದೆ. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ನಮ್ಮ ಊರಿನ ಮಾತು.

ರಬಕವಿ-ಬನಹಟ್ಟಿ ಎಂದರೆ ನೇಕಾರರ ಊರು. ನಾನು ಪರಕಾರ ಉಟ್ಟು ಓಡಾಡುತ್ತಿದ್ದ ಕಾಲಕ್ಕೆ ನಮ್ಮ ಓಣಿಯಲ್ಲಿ ಕುಣಿಮಗ್ಗಗಳಿದ್ದವು. ನೆಲದೊಳಗೆ ಕುಣಿ ತೋಡಿ, ಅದರಲ್ಲಿ ಕಾಲಿಳಿಬಿಟ್ಟು ಕುಳಿತು ನೇಯುತ್ತಿದ್ದರು. ಲಾಳಿ ಆ ಕಡೆಯಿಂದ ಈ ಕಡೆಗೆ ಹೋಗುವ ಸದ್ದಿಗೇ ನಮಗೆ ನಿದ್ದೆ ಬರುತ್ತಿತ್ತು. ಆಮೇಲೆ ವಿದ್ಯುತ್ ಮಗ್ಗ ಬಂತು. ನೆರೆಯ ಇಚಲಕರಂಜಿಯಲ್ಲಿ ಅದು 1904ರಲ್ಲೇ ಬಂದಿತ್ತು. ನಮ್ಮ ಓಣಿಗೆ ಬಂದದ್ದು ನನ್ನ ಕಣ್ಣೆದುರಿಗೆ. ಕುಣಿ ಮುಚ್ಚಿದರು, ನೆಲಕ್ಕೆ ಫರಸಿ ಹಾಕಿಸಿದರು, ಗೋಡೆ ನಡುಗುವಂಥ ಸದ್ದು ಶುರುವಾಯಿತು. ನಿನ್ನೆಯವರೆಗೆ ಕಾಲಿನಿಂದ ಮಗ್ಗ ತುಳಿದವರು ಇವತ್ತು ಮೋಟಾರಿನ ಬೆಲ್ಟು ಸರಿಪಡಿಸಲು ಕಲಿತರು. ಯಾವ ತರಬೇತಿ ಕೇಂದ್ರವೂ ಅವರ ಮನೆ ಬಾಗಿಲಿಗೆ ಬಂದಿರಲಿಲ್ಲ.

ನೂಲು ಬದಲಾಯಿತು, ಹತ್ತಿ ಹೋಗಿ ನಕಲಿ ರೇಷ್ಮೆ ಬಂತು. ಅಂಚು ಬದಲಾಯಿತು. ಊರಿನವರು ಉಡುವುದೇ ಬದಲಾಯಿತು. ಇಲಕಲ್ಲ ಸೀರೆ ಉಡುತ್ತಿದ್ದವರ ಮೊಮ್ಮಕ್ಕಳು ಚೂಡಿದಾರಕ್ಕೆ ಹೋದರು. 1985ರಲ್ಲಿ ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯ್ದೆ ಬಂತು. ಹೀಗೆ ಮೀಸಲಾಗಿದ್ದ 22 ಬಗೆಗಳು 1996ರಲ್ಲಿ 11ಕ್ಕೆ ಇಳಿದವು. 2019ರ ಆಗಸ್ಟಿನಲ್ಲಿ ನಮ್ಮ ಜಿಲ್ಲೆಗೆ ಹೊಳೆಯ ನೀರು ನುಗ್ಗಿತು. ಅದರ ಕೆಸರು ಆರುವುದರೊಳಗೆ 2020ರ ಲಾಕ್‌ಡೌನು. ಪ್ರತಿ ಸಲವೂ ಮಗ್ಗದ ಮನೆ ತನ್ನನ್ನು ತಾನು ಮತ್ತೊಮ್ಮೆ ಕಟ್ಟಿಕೊಂಡಿತು. ಸೀರೆ ಹೋಗದಿದ್ದರೆ ಟಾವೆಲ್, ಟಾವೆಲ್ ಹೋಗದಿದ್ದರೆ ಲುಂಗಿ, ಯಾವುದೂ ಹೋಗದಿದ್ದರೆ ಹೊಲಿಗೆ ಯಂತ್ರದ ಮೇಲೆ ಮುಖಗವಸು. ಹೊಂದಿಕೊಳ್ಳುವುದು ಎಂದರೆ ಇದು. ಇಂಥ ಊರಿನಲ್ಲಿ ಕುಳಿತು ‘ಬದಲಾವಣೆಗೆ ಹೊಂದಿಕೊಳ್ಳುವ ಜನ ಸಿಗುವುದಿಲ್ಲ’ ಎಂದು ಹಲುಬುವುದೆಂದರೆ ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕಾಗಿ ಊರೆಲ್ಲ ಅಲೆದಂತೆ.

ಅದರಲ್ಲಿಯೂ ಹೆಂಗಸರು. ಮಗ್ಗದ ಮನೆಯ ಹೆಂಗಸಿನ ಒಂದು ದಿನವನ್ನು ನೀವು ನೋಡಿದ್ದೀರಾ? ಒಂದು ಕೈ ಕಂಡಿಕೆ ಸುತ್ತುತ್ತಿರುತ್ತದೆ, ಇನ್ನೊಂದು ಕೈ ತೊಟ್ಟಿಲು ತೂಗುತ್ತಿರುತ್ತದೆ, ಮೂಗು ಒಲೆಯ ಮೇಲಿನ ಬೇಳೆಯ ಕಡೆಗಿರುತ್ತದೆ. ಕರೆಂಟು ಹೋದರೆ ಆ ಹೊತ್ತಿಗೆ ರೊಟ್ಟಿ, ಕರೆಂಟು ಬಂದರೆ ಮತ್ತೆ ಕಂಡಿಕೆ. ಕರೆಂಟು ರಾತ್ರಿ ಎರಡು ಗಂಟೆಗೆ ಬಂದರೆ ಎರಡು ಗಂಟೆಗೇ ಎದ್ದು ಕೂರುವುದು. ಹಾಸು ಮುಗಿದರೆ ಹಳೆಯ ಎಳೆಗೆ ಹೊಸ ಎಳೆ ಸೇರಿಸಿ ಸಾವಿರಾರು ಗಂಟು ಹಾಕುವುದಕ್ಕೂ ಅವಳ ಬೆರಳು ಬೇಕು. ನೂಲು ಕಡಿಮೆ ಬಿದ್ದರೆ ಯಾವುದಕ್ಕೆ ಯಾವುದು ಹೊಂದುತ್ತದೆ ಎಂದು ಲೆಕ್ಕ ಹಾಕುವವಳೂ ಅವಳೇ. ಇದಕ್ಕೆ ಸಂಬಳ ಎಷ್ಟು ಎಂದು ಕೇಳಿ. ಮಜೂರಿ ಗಂಡನ ಹೆಸರಿಗೆ ಬರುತ್ತದೆ. ಅವಳದು ‘ಮನೆಗೆಲಸ’.

2019-20ರ ನಾಲ್ಕನೆಯ ಕೈಮಗ್ಗ ಗಣತಿ ದೇಶದಲ್ಲಿ 35 ಲಕ್ಷಕ್ಕೂ ಹೆಚ್ಚು ಕೈಮಗ್ಗ ಕೆಲಸಗಾರರನ್ನು ಎಣಿಸಿತು. ನೇಯುವವರ ಜೊತೆಗೆ ನೂಲು ಸುತ್ತುವಂಥ ಪೂರಕ ಕೆಲಸದವರನ್ನೂ ಎಣಿಸಿದ ಲೆಕ್ಕ ಅದು. ಅವರಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಮಂದಿ ಹೆಂಗಸರು. ಸರಕಾರದ ಕಾಗದಕ್ಕೆ ಕಂಡ ಹೆಂಗಸು ಸಾವಕಾರರ ಕಣ್ಣಿಗೆ ಕಾಣುವುದಿಲ್ಲ ಎಂದರೆ ದೋಷ ಯಾರ ಕಣ್ಣಿನದು?

ಈಗ ನನ್ನ ವಿದ್ಯಾರ್ಥಿನಿಯ ಮಾತಿಗೆ ಬರುತ್ತೇನೆ. ಅವಳ ಅಪ್ಪನಿಗೆ ಮನೆಯಲ್ಲೇ ಎರಡು ವಿದ್ಯುತ್ ಮಗ್ಗ. ಬೇರೆಯವರ ನೂಲು ತಂದು ಮಜೂರಿಗೆ ನೇಯ್ದು ಕೊಡುವವನು. ಅವ್ವ ಕಂಡಿಕೆ ಸುತ್ತುವವಳು. ಹುಡುಗಿ ಬಿ.ಕಾಂ. ಮುಗಿಸಿ, ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವುದನ್ನು ಕಲಿತಿದ್ದಳು. ಕಾಗದ ನೋಡಿ, ಪ್ರಮಾಣಪತ್ರಗಳನ್ನೆಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಆ ಅಂಗಡಿಗೆ ಹೋದಳು. ಅಲ್ಲಿ ಏನಾಯಿತೆಂಬುದನ್ನು ಅವಳೇ ನನ್ನ ಮನೆಯ ಪಡಸಾಲೆಯಲ್ಲಿ ಕುಳಿತು ಹೇಳಿದ್ದು.

ಮೊದಲ ಪ್ರಶ್ನೆ: ‘ಯಾರ ಮಗಳವಾ ನೀ?’ ಎರಡನೆಯದು: ‘ಲಗ್ನ ಯಾವಾಗ ಮಾಡ್ತಾರ?’ ಮೂರನೆಯದು: ‘ಇಂಗ್ಲಿಷ್ ಮಾತಾಡಾಕ ಬರ್ತೈತೇನು?’ ಲೆಕ್ಕದ ಬಗ್ಗೆ ಒಂದು ಮಾತಿಲ್ಲ, ಸೀರೆಯ ಬಗ್ಗೆ ಒಂದು ಮಾತಿಲ್ಲ. ಇಷ್ಟರಲ್ಲಿ ಒಬ್ಬ ಗಿರಾಕಿ ಬಂದು ಜಗಳಕ್ಕೆ ನಿಂತ. ಮದುವೆಗೆಂದು ಒಂದೇ ಬಣ್ಣದ ಒಂದು ಡಜನ್ ಸೀರೆ ಒಯ್ದಿದ್ದ. ಬಿಚ್ಚಿ ನೋಡಿದರೆ ನಾಲ್ಕು ಸೀರೆಯ ಬಣ್ಣ ಒಂದು ಛಾಯೆ ಬೇರೆ. ಸಾವಕಾರರು ನೇಕಾರರನ್ನು ಬೈದರು, ಹುಡುಗರನ್ನು ಬೈದರು, ಕಡೆಗೆ ಟ್ಯೂಬ್‌ಲೈಟನ್ನೂ ಬೈದರು.

ಗಿರಾಕಿ ಹೋದ ಮೇಲೆ ಹುಡುಗಿ ತಡೆಯಲಾರದೆ ಹೇಳಿದಳು: ‘ಸಾವಕಾರ್ರ, ಒಂದ ಬಣ್ಣ ಅಂದ್ರೂ ಎರಡ ಸಲ ಅದ್ದಿದ ನೂಲು ಒಂದ ಆಗೂದಿಲ್ರಿ. ನಮ್ಮವ್ವ ಒಂದೊಂದು ಸಲದ ನೂಲಿನ ಕಂಡಿಕಿ ಬ್ಯಾರೆ ಬ್ಯಾರೆ ಬುಟ್ಟ್ಯಾಗ ಇಡ್ತಾಳ್ರಿ, ಬುಟ್ಟಿಗೆ ಸೀಮೆಸುಣ್ಣದ ಗುರುತು ಹಾಕ್ತಾಳ. ಸೀರಿಗೂ ಹಂಗ ಒಂದ ಚೀಟಿ ಹಚ್ಚಿದ್ರ, ಒಂದ ಅದ್ದಿನ ಸೀರಿ ಒಂದ ಗಂಟಿನ್ಯಾಗ ಹೋಗ್ತಾವ್ರಿ.’

ಓದುವ ನೀವೇ ಹೇಳಿ. ಹೊಸ ವಿಚಾರವೆಂದರೆ ಇನ್ನೇನು? ಕಾಸಿನ ಖರ್ಚಿಲ್ಲ, ಒಂದು ಚೀಟಿ, ಒಂದು ಗುಂಡುಪಿನ್ನು. ಅಂಗಡಿಗೆ ವಾಪಸು ಬರುವ ಸೀರೆಗಳು ಎಷ್ಟೋ ಕಡಿಮೆಯಾಗುತ್ತಿದ್ದವು. ಬಾಗಿಲಿಗೆ ಅಂಟಿಸಿದ ಕಾಗದ ಕೇಳಿದ್ದು ಇದನ್ನೇ ಅಲ್ಲವೇ?

ಸಾವಕಾರರು ಅವಳ ಪ್ಲಾಸ್ಟಿಕ್ ಚೀಲದಿಂದ ಒಂದು ಕಾಗದ ತೆಗೆದು, ಕನ್ನಡಕ ಏರಿಸಿ, ಗಟ್ಟಿಯಾಗಿ ಓದಿದರಂತೆ: ‘ವಿದ್ಯಾರ್ಥಿನಿಯ ನಡತೆ ಉತ್ತಮವಾಗಿದ್ದು, ಈಕೆ ವಿನಯಶೀಲಳೂ ವಿಧೇಯಳೂ ಆಗಿರುತ್ತಾಳೆ.’ ಓದಿ, ನಕ್ಕು ಹೇಳಿದರಂತೆ: ‘ವಿಧೇಯ ಅಂತ ನಿಮ್ಮ ಅಕ್ಕೋರು ಬರದಾರ. ನೀ ನೋಡಿದ್ರ ಬಂದ ಮೊದಲನೇ ದಿನಾನ ನನಗ ಬುದ್ಧಿ ಹೇಳಾಕ್ಹತ್ತೀಯಲ್ಲ!’

ಕೆಲಸ ಅವರ ಸಂಬಂಧಿಕರ ಹುಡುಗನಿಗೆ ಸಿಕ್ಕಿತು. ಆ ಹುಡುಗ ಕೆಟ್ಟವನಲ್ಲ, ಅವನೂ ನನ್ನ ಶಾಲೆಯವನೇ. ಅವನು ಯಾರಿಗೂ ಬುದ್ಧಿ ಹೇಳುವುದಿಲ್ಲ, ಅಷ್ಟೇ.

ಆ ಪ್ರಮಾಣಪತ್ರ ಬರೆದ ಅಕ್ಕೋರು ನಾನೇ. ಅಕ್ಷರ ನನ್ನದು, ‘ವಿಧೇಯ’ ಎಂಬ ಪದವೂ ನನ್ನದು. ನೂರಾರು ಹುಡುಗಿಯರಿಗೆ ಅದನ್ನೇ ಬರೆದುಕೊಟ್ಟಿದ್ದೇನೆ, ಅದು ಅವರಿಗೆ ಒಳ್ಳೆಯದು ಮಾಡುತ್ತದೆಂದು ನಂಬಿಯೇ ಬರೆದಿದ್ದೇನೆ. ಅವಳು ಆ ಮಾತು ಹೇಳಿದಾಗ ನನ್ನ ಕೈಯಲ್ಲಿದ್ದ ಚಹಾದ ಬಟ್ಟಲು ಹಾಗೆಯೇ ಉಳಿಯಿತು.

ಅವಳು ವಿಧೇಯಳಾಗಿರಲಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಒಂಬತ್ತನೆಯ ತರಗತಿಯಲ್ಲಿ ಗುಡಿಕೈಗಾರಿಕೆಯ ಪಾಠ ಮಾಡುತ್ತಿದ್ದೆ. ‘ನೇಕಾರನು ಮಗ್ಗದ ಮೇಲೆ ಬಟ್ಟೆ ನೇಯುತ್ತಾನೆ’ ಎಂದು ಹಲಗೆಯ ಮೇಲೆ ಬರೆದೆ. ಅವಳು ಎದ್ದು ನಿಂತು ಕೇಳಿದಳು: ‘ಅಕ್ಕೋರ, ನಮ್ಮವ್ವ ಕಂಡಿಕಿ ಸುತ್ತಲಿಲ್ಲಂದ್ರ ಅಪ್ಪ ಏನ ನೇಯತಾನ್ರಿ? ನೇಕಾರರು ಅಂತ ಇಬ್ಬರನೂ ಬರಿಬೇಕಲ್ರಿ?’ ಇಡೀ ತರಗತಿ ನಕ್ಕಿತು. ಪಾಠ ಮುಗಿಸುವ ಗಡಿಬಿಡಿಯಲ್ಲಿ ನಾನು ಏನೆಂದೆ ಗೊತ್ತೇ? ‘ಪರೀಕ್ಷೆಯಲ್ಲಿ ನೋಟ್ಸಿನಲ್ಲಿದ್ದಂತೆ ಬರಿ, ಕೂತುಕೋ.’ ಅಂಗಡಿಯ ಸಾವಕಾರರಿಗಿಂತ ಎಂಟು ವರ್ಷ ಮೊದಲೇ ಅವಳ ಬಾಯಿ ಮುಚ್ಚಿಸಿದವಳು ನಾನು. ಆ ಮೇಲೆ ಅವಳಿಗೆ ‘ವಿಧೇಯ’ ಎಂದು ಸರ್ಟಿಫಿಕೇಟು ಕೊಟ್ಟವಳೂ ನಾನು.

ಆದ್ದರಿಂದ ಈ ಬರಹ ಸಾವಕಾರರ ಮೇಲಿನ ದೂರು ಮಾತ್ರ ಅಲ್ಲ. ನಾವು ಶಾಲೆಯಲ್ಲಿ ಹತ್ತು ವರ್ಷ ಪ್ರಶ್ನೆ ಕೇಳುವ ಮಕ್ಕಳನ್ನು ಕೂರಿಸಿ, ಉತ್ತರ ಒಪ್ಪಿಸುವ ಮಕ್ಕಳನ್ನು ಎಬ್ಬಿಸಿ ಚಪ್ಪಾಳೆ ಹೊಡೆಸುತ್ತೇವೆ. ಮನೆಯಲ್ಲಿ ‘ಎದುರು ಮಾತಾಡಬ್ಯಾಡ’ ಎನ್ನುತ್ತೇವೆ. ಹೀಗೆ ಎರಡೂ ಕಡೆ ಸವರಿ ಸಾಪಾಟಾದ ಮೇಲೆ ಅಂಗಡಿಯವರು ಬಾಗಿಲಿಗೆ ಕಾಗದ ಅಂಟಿಸುತ್ತಾರೆ, ಹೊಸ ವಿಚಾರದವರು ಬೇಕಾಗಿದ್ದಾರೆ ಎಂದು. ಎಲ್ಲಿಂದ ತರಬೇಕು?

ಸಾವಕಾರರ ಕಡೆಯ ಮಾತನ್ನೂ ಕೇಳೋಣ. ಶಾಲೆಯ ವಾರ್ಷಿಕೋತ್ಸವಕ್ಕೆ ಚಂದಾ ಕೇಳಲು ಹೋದಾಗ ಇಂಥ ವ್ಯಾಪಾರಿಗಳೊಡನೆ ನಾನು ಮಾತಾಡಿದ್ದೇನೆ. ‘ಅಕ್ಕೋರ, ಹೆಣ್ಣಹುಡುಗ್ಯಾರಿಗೆ ಕಲಿಸಿದ ಮ್ಯಾಲೆ ಲಗ್ನಾ ಮಾಡ್ಕೊಂಡ ಹೋಗಿಬಿಡ್ತಾರ, ನಮ್ಮ ಶ್ರಮಾ ನೀರಾಗ ಹೋಮ’ ಎನ್ನುತ್ತಾರೆ. ಗಂಡುಹುಡುಗರು ಹೋಗುವುದಿಲ್ಲವೇ? ನೂರು ರೂಪಾಯಿ ಹೆಚ್ಚು ಕೊಟ್ಟರೆ ಪಕ್ಕದ ಅಂಗಡಿಗೆ ಹೋಗುತ್ತಾರೆ, ಇಲ್ಲವೇ ಪುಣೆಗೆ ಹೋಗುತ್ತಾರೆ. ಅದಕ್ಕೆಂದು ಯಾರಾದರೂ ಗಂಡುಹುಡುಗನಿಗೆ ‘ನಿನ್ನ ಲಗ್ನ ಯಾವಾಗ’ ಎಂದು ಕೇಳಿದ್ದುಂಟೇ? ಹಾಗೆ ನೋಡಿದರೆ ಮದುವೆಯಾದ ಮೇಲೆ ಇದೇ ಊರಿಗೆ ಸೊಸೆಯಾಗಿ ಬಂದವರು ಎಷ್ಟು ಮಂದಿಯಿಲ್ಲ? ಅವರು ಎಲ್ಲಿಗೂ ಹೋಗುವವರಲ್ಲ. ಅವರನ್ನು ಕೇಳಿದವರು ಯಾರು?

‘ನಮ್ಮವರನ್ನು ಇಟ್ಟುಕೊಂಡರೆ ನಂಬಿಕೆ ಇರ್ತೈತಿ’ ಎಂಬುದು ಇನ್ನೊಂದು ಮಾತು. ನಂಬಿಕೆ ಬೇಕು, ಗಲ್ಲಾಪೆಟ್ಟಿಗೆಯ ವ್ಯವಹಾರ, ಒಪ್ಪಿದೆ. ಆದರೆ ತನ್ನ ಓಣಿಯವರು, ತನ್ನ ಜಾತಿಯವರು, ತನ್ನ ಅಳಿಯನ ತಮ್ಮ ಎಂದು ಆರಿಸುತ್ತ ಹೋದರೆ ಅಂಗಡಿಯಲ್ಲಿ ಎಲ್ಲರೂ ಒಂದೇ ರೀತಿ ಯೋಚಿಸುವವರು ಸೇರುತ್ತಾರೆ. ಸಾವಕಾರರು ತಪ್ಪಿದರೆ ಎಲ್ಲರೂ ಸೇರಿಯೇ ತಪ್ಪುತ್ತಾರೆ.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. ಒಂದೇ ಬಗೆಯ ಕೆಲಸಕ್ಕೆ ಜನ ಆರಿಸುವಾಗ ಹೆಣ್ಣು ಗಂಡು ಎಂದು ಭೇದ ಮಾಡಬಾರದು ಎಂದು 1976ರ ಸಮಾನ ವೇತನ ಕಾಯ್ದೆಯೇ ಹೇಳಿತ್ತು. 2019ರ ವೇತನ ಸಂಹಿತೆಯಲ್ಲೂ ಆ ಮಾತು ಇದೆ. ಆದರೆ ನಮ್ಮ ಪೇಟೆಯಲ್ಲಿ ಕಾನೂನು ಗಲ್ಲಾದ ಹಿಂದಿನ ದೇವರ ಫೋಟೋದ ಹಾಗೆ; ಊದಿನಕಡ್ಡಿ ಹಚ್ಚುತ್ತಾರೆ, ಮಾತು ಕೇಳುವುದಿಲ್ಲ. ಹಾಗಾಗಿ ಕಾನೂನಿಗಿಂತ ಲಾಭದ ಮಾತು ಹೇಳುವುದೇ ಮೇಲು.

ನಮ್ಮ ಸೀಮೆಯವರದೇ ಒಂದು ಉದಾಹರಣೆಯಿದೆ. ಲಕ್ಷ್ಮಣರಾವ ಕಿರ್ಲೋಸ್ಕರರು ಹುಟ್ಟಿದ್ದು 1869ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಅವರೂ ಮೊದಲು ಮಾಸ್ತರರೇ. ಮುಂಬಯಿಯ ತಾಂತ್ರಿಕ ಸಂಸ್ಥೆಯೊಂದರಲ್ಲಿ ಕಲಿಸುತ್ತಿದ್ದರು. ಬಡ್ತಿ ಸಿಗಬೇಕಾದಾಗ ಅವರನ್ನು ಬಿಟ್ಟು ಆಂಗ್ಲೋ-ಇಂಡಿಯನ್ ಒಬ್ಬನಿಗೆ ಕೊಟ್ಟರು. ಕೆಲಸ ಬಿಟ್ಟು ಬೆಳಗಾವಿಗೆ ಬಂದು ಸೈಕಲ್ ಅಂಗಡಿ ತೆಗೆದರು, ಆಮೇಲೆ ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆಂದು ರೈತರು ಹೆದರಿದ ಕಾಲ ಅದು. 1910ರಲ್ಲಿ, ಔಂಧ ಸಂಸ್ಥಾನದ ರಾಜರು ಕೊಟ್ಟ ಬರಡು ಜಾಗದಲ್ಲಿ, ಈಗಿನ ಸಾಂಗಲಿ ಜಿಲ್ಲೆಯಲ್ಲಿ, ಕಿರ್ಲೋಸ್ಕರವಾಡಿ ಕಟ್ಟಿದರು.

ಅಲ್ಲಿಗೆ ಅವರು ಯಾರನ್ನು ಕರೆದುಕೊಂಡರು? ಶಂಭುರಾವ ಜಾಂಭೇಕರರಿಗೆ ಯಾವ ಪದವಿಯೂ ಇರಲಿಲ್ಲ, ಆದರೆ ಯಂತ್ರದ ಕೈ ಇತ್ತು. ಅನಂತರಾವ ಫಳಣೀಕರರು ಶಾಲೆ ಅರ್ಧಕ್ಕೆ ಬಿಟ್ಟವರು, ಎಂಜಿನಿಯರರ ಕೆಲಸ ಮಾಡಿದರು. ಒಮ್ಮೆ ಅಪರಾಧಿಗಳೆನಿಸಿಕೊಂಡಿದ್ದವರನ್ನು ಕಿರ್ಲೋಸ್ಕರರು ಆ ಊರಿನ ಕಾವಲಿಗೇ ಇಟ್ಟರು, ಅವರು ಆ ನಂಬಿಕೆಯನ್ನು ಉಳಿಸಿಕೊಂಡರು. ನಂಬಿಕೆ ರಕ್ತಸಂಬಂಧದಿಂದ ಬರುತ್ತದೆಯೋ, ನಂಬಿ ಕೆಲಸ ಕೊಡುವುದರಿಂದ ಬರುತ್ತದೆಯೋ, ನೀವೇ ಯೋಚಿಸಿ. ತನ್ನನ್ನು ತಳ್ಳಿಹಾಕಿದ ನೋವು ನೆನಪಿದ್ದ ಮನುಷ್ಯ ಬೇರೆಯವರನ್ನು ತಳ್ಳಿಹಾಕಲಿಲ್ಲ. ಜನರಿಗೆ ಕೆಲಸ ಕೊಡುವಾಗ ಅವರ ಅಂಕಪಟ್ಟಿ ನೋಡದೆ ಅವರ ಕೈ ನೋಡಿದರು.

ಇನ್ನೊಂದು ಕಥೆ ನಿಮಗೆಲ್ಲ ಬಾಯಿಪಾಠವಾಗಿದೆ. 1974ರಲ್ಲಿ ಟೆಲ್ಕೊ ಕಂಪನಿಯ ಜಾಹೀರಾತಿನಲ್ಲಿ ಹೆಂಗಸರು ಅರ್ಜಿ ಹಾಕಬೇಕಿಲ್ಲ ಎಂದಿತ್ತು. ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದಿ ಆಗ ಬೆಂಗಳೂರಿನಲ್ಲಿ ಮುಂದಿನ ಓದಿನಲ್ಲಿದ್ದ ಸುಧಾ ಮೂರ್ತಿಯವರು ಜೆ.ಆರ್.ಡಿ. ಟಾಟಾ ಅವರಿಗೇ ಒಂದು ಕಾರ್ಡು ಬರೆದು ಕೇಳಿದರು. ಕಂಪನಿ ಅವರನ್ನು ಸಂದರ್ಶನಕ್ಕೆ ಕರೆಯಿತು, ಕೆಲಸವನ್ನೂ ಕೊಟ್ಟಿತು. ನಾವು ಇದನ್ನು ಹುಡುಗಿಯರ ಧೈರ್ಯದ ಕಥೆಯೆಂದು ತರಗತಿಯಲ್ಲಿ ಹೇಳುತ್ತೇವೆ. ಹೇಳಲಿ, ಅದು ನಿಜವೇ. ಆದರೆ ನನಗೆ ಅದರಲ್ಲಿ ಇನ್ನೊಂದು ಪಾಠ ಕಾಣುತ್ತದೆ. ಆ ಕಾರ್ಡು ಕಸದ ಬುಟ್ಟಿಗೆ ಹೋಗಲಿಲ್ಲ. ಅದನ್ನು ಓದಿದ ಕಂಪನಿ ತನ್ನ ನಿಯಮ ತಪ್ಪೆಂದು ಒಪ್ಪಿಕೊಂಡಿತು. ಅಲ್ಲಿ ಹೊಂದಿಕೊಂಡದ್ದು ಹುಡುಗಿಯಲ್ಲ, ಕಂಪನಿ. ನಮ್ಮ ಹುಡುಗಿಯರು ಕಾರ್ಡು ಬರೆಯದೇ ಇಲ್ಲವೆಂದಲ್ಲ; ಓದುವವರು ಬೇಕು.

ದೂರದ ಮಾತು ಬಿಡಿ, ನಮ್ಮ ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಗೆ ಹೋಗಿ ನೋಡಿ. ರಾಷ್ಟ್ರಧ್ವಜಕ್ಕೆ ಬೇಕಾದ ಖಾದಿ ಅಲ್ಲಿ ತಯಾರಾಗಿ, ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘಕ್ಕೆ ಹೋಗುತ್ತದೆ. 1957ರಲ್ಲಿ ಶುರುವಾದ ಸಂಘ ಅದು. ಧ್ವಜದ ಬಟ್ಟೆಯೆಂದರೆ ಎಳೆ ಎಣಿಸಿ, ತೂಕ ನೋಡಿ, ಬಣ್ಣ ಪರೀಕ್ಷಿಸಿ, ಸ್ವಲ್ಪ ತಪ್ಪಿದರೂ ತಿರಸ್ಕರಿಸುವ ಕೆಲಸ. ಆ ಕೆಲಸದಲ್ಲಿರುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. 2021ರ ಡಿಸೆಂಬರಿನಲ್ಲಿ ಧ್ವಜಸಂಹಿತೆ ತಿದ್ದಿ ಯಂತ್ರದ, ಪಾಲಿಯೆಸ್ಟರಿನ ಧ್ವಜಕ್ಕೂ ಒಪ್ಪಿಗೆ ಕೊಟ್ಟಾಗ ಪೆಟ್ಟು ಬಿದ್ದದ್ದು ಇವರ ದುಡಿಮೆಗೆ. ದೇಶದ ಮಾನದ ಬಟ್ಟೆಯನ್ನು ನಂಬಿ ಕೊಡಬಹುದಾದ ಕೈಗಳಿಗೆ ನಮ್ಮ ಪೇಟೆಯ ಸೀರೆ ಅಂಗಡಿಯ ಲೆಕ್ಕದ ಪುಸ್ತಕ ನಂಬಿ ಕೊಡಲಾಗುವುದಿಲ್ಲವೇ?

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನಮ್ಮನ್ನು ನೋಡಿಯೇ ಮಾಡಿದ್ದಿರಬೇಕು. ಇಲಕಲ್ಲ ಸೀರೆಯನ್ನೇ ತೆಗೆದುಕೊಳ್ಳಿ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಮಗ್ಗದ ಮೇಲೆ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಹತ್ತಿಯ ಸೀರೆಗೆ ರೇಷ್ಮೆಯ ಸೆರಗು ಬಂದದ್ದು ಹೀಗೆ. ಪೂರ್ತಿ ರೇಷ್ಮೆ ಕೊಳ್ಳಲಾರದವಳ ಹೆಗಲ ಮೇಲೂ ರೇಷ್ಮೆ ಮಿಂಚಿತು. ಎಂಥ ಬುದ್ಧಿ ಅದು! ಇದನ್ನು ಮೊದಲು ಯೋಚಿಸಿದವರು ಯಾವುದೋ ಮಗ್ಗದ ಮನೆಯವರೇ. ಅವರ ಹೆಸರನ್ನು ಯಾರೂ ಬರೆದಿಡಲಿಲ್ಲ. ನಾವು ಇವತ್ತು ಮಾಡುತ್ತಿರುವುದೂ ಅದನ್ನೇ. ಬುದ್ಧಿಯನ್ನು ಬಳಸುತ್ತೇವೆ, ಹೆಸರನ್ನು ಬಿಡುತ್ತೇವೆ.

ಹಾಗಾದರೆ ಏನು ಮಾಡಬೇಕು ಎಂದು ಸಾವಕಾರರು ಕೇಳಬಹುದು. ಬರೀ ಬೈದು ಕೂರುವ ಸ್ವಭಾವ ನನ್ನದಲ್ಲ, ಆದ್ದರಿಂದ ಹೇಳುತ್ತೇನೆ.

ಕೆಲಸ ಕೇಳಿ ಬಂದವರ ಮುಂದೆ ಪ್ರಶ್ನೆ ಇಡುವ ಬದಲು ಕೆಲಸ ಇಡಿ. ವಾಪಸು ಬಂದ ಹತ್ತು ಸೀರೆ ಕೊಟ್ಟು, ‘ಇವು ಯಾಕೆ ಬಂದವು, ನೋಡಿ ಹೇಳು’ ಎನ್ನಿ. ಯಾರಿಗೆ ಕಣ್ಣಿದೆ ಎಂದು ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. ಒಂದು ವಾರ ಇಟ್ಟುಕೊಂಡು ನೋಡಿ, ಆದರೆ ಆ ವಾರದ ಪಗಾರ ಕೊಟ್ಟು ನೋಡಿ. ಬಿಟ್ಟಿ ದುಡಿಸಿ ‘ನೋಡ್ತೀವಿ’ ಎಂದು ಕಳಿಸಬೇಡಿ. ‘ನಿನಗೆ ತಿಳಿಯದ ಒಂದು ಕೆಲಸವನ್ನು ನೀನಾಗಿ ಕಲಿತದ್ದು ಹೇಳು’ ಎಂದು ಕೇಳಿ. ಮಗ್ಗದ ಮನೆಯ ಹೆಂಗಸು ಅದಕ್ಕೆ ಸಂಜೆಯವರೆಗೆ ಉತ್ತರ ಹೇಳುತ್ತಾಳೆ. ಮದುವೆಯ ಮಾತು ಕೇಳಬೇಡಿ. ಇಂಗ್ಲಿಷ್ ಬೇಕಾದ ಕೆಲಸಕ್ಕೆ ಮಾತ್ರ ಇಂಗ್ಲಿಷ್ ಕೇಳಿ. ತೇರದಾಳದಿಂದ, ಮಹಾಲಿಂಗಪುರದಿಂದ ಬರುವ ಗಿರಾಕಿ ಇಂಗ್ಲಿಷಿನಲ್ಲಿ ಚೌಕಾಶಿ ಮಾಡುವುದಿಲ್ಲ.

ಕೆಲಸಕ್ಕೆ ಸೇರಿಸಿಕೊಂಡ ಮೇಲೆ ಅವಳು ಹೇಳಿದ ವಿಚಾರದಿಂದ ಲಾಭವಾದರೆ ಅವಳ ಹೆಸರು ಹೇಳಿ, ಅದರಲ್ಲಿ ಅವಳಿಗೂ ಒಂದಿಷ್ಟು ಕೊಡಿ. ಹೊಸದನ್ನು ಮಾಡಲು ಹೋಗಿ ಒಂದು ಸೀರೆ ಕೆಟ್ಟರೆ ಪಗಾರದಲ್ಲಿ ಹಿಡಿಯಬೇಡಿ. ಹಿಡಿದರೆ ಅವಳು ಮತ್ತೆಂದೂ ಹೊಸದನ್ನು ಮುಟ್ಟುವುದಿಲ್ಲ. ಮುಂಗಡ ಸಾಲ ಕೊಟ್ಟು ಕಾಲು ಕಟ್ಟಿಹಾಕಬೇಡಿ; ಸಾಲದಲ್ಲಿದ್ದವರು ಒಡೆಯನಿಗೆ ನಿಜ ಹೇಳಲಾರರು. ಪಗಾರವನ್ನು ಅಪ್ಪನ ಕೈಗೆ, ಗಂಡನ ಕೈಗೆ ಕೊಡದೆ ಅವಳ ಖಾತೆಗೇ ಹಾಕಿ. ಇನ್ನು ಒಂದು ಮಾತು, ಬರೆಯಲು ಸಂಕೋಚವಾದರೂ ಬರೆಯುತ್ತೇನೆ: ಅಂಗಡಿಯಲ್ಲಿ ಹೆಂಗಸರಿಗೊಂದು ಪಾಯಿಖಾನೆ ಕಟ್ಟಿಸಿ. ಬೆಳಗಿನಿಂದ ರಾತ್ರಿ ಎಂಟರವರೆಗೆ ನೀರು ಕುಡಿಯದೆ ನಿಂತವಳ ತಲೆಯಲ್ಲಿ ಹೊಸ ವಿಚಾರ ಹುಟ್ಟುವುದಿಲ್ಲ. ಇದೆಲ್ಲ ದೊಡ್ಡ ಖರ್ಚಿನ ಮಾತಲ್ಲ. ಆದರೆ ಇದರಲ್ಲಿ ಹೊಂದಿಕೊಳ್ಳಬೇಕಾದವರು ಸಾವಕಾರರು. ಅದೇ ಕಷ್ಟ.

ನನ್ನ ವಿದ್ಯಾರ್ಥಿನಿ ಈಗ ಬನಹಟ್ಟಿಯಲ್ಲಿಲ್ಲ. ಬೇರೊಂದು ಜಿಲ್ಲೆಯ ದೊಡ್ಡ ಊರಿನಲ್ಲಿ, ಬಟ್ಟೆಯ ಗೋದಾಮೊಂದರ ಲೆಕ್ಕ ಮತ್ತು ರವಾನೆ ನೋಡಿಕೊಳ್ಳುತ್ತಾಳೆ. ಸೇರಿದ ಎರಡೇ ತಿಂಗಳಲ್ಲಿ ಅದ್ದಿನ ಚೀಟಿಯ ಪದ್ಧತಿ ಶುರುಮಾಡಿಸಿದಳಂತೆ. ‘ಅಲ್ಲಿ ಮ್ಯಾನೇಜರ್ ಮೊದಲ ಸಿಟ್ಟಾದ್ರು ಅಕ್ಕೋರ, ಆಮ್ಯಾಲೆ ಮಾಡಿ ನೋಡು ಅಂದ್ರು’ ಎಂದಳು. ‘ಮಾಡಿ ನೋಡು’ ಎಂಬ ಎರಡು ಮಾತಿಗಾಗಿ ಅವಳು ಊರು ಬಿಡಬೇಕಾಯಿತು. ಅವಳ ಅವ್ವ ಇಲ್ಲೇ ಇದ್ದಾಳೆ. ಈಗ ಕಂಡಿಕೆ ಸುತ್ತುವಾಗ ಪಕ್ಕದಲ್ಲಿ ಕೂತು ಬುಟ್ಟಿ ಸರಿಸುವವರಿಲ್ಲ. ಮಗಳ ಫೋನು ಬಂದಾಗ ಮಗ್ಗ ನಿಲ್ಲಿಸಿ ಮಾತಾಡುತ್ತಾರೆ, ಸದ್ದಿನಲ್ಲಿ ಕೇಳಿಸುವುದಿಲ್ಲವೆಂದು. ಹೆಂಗಸಿನ ಒಂದು ಮಾತು ಕೇಳಿಸಬೇಕಾದರೆ ಮಗ್ಗವನ್ನೇ ನಿಲ್ಲಿಸಬೇಕಾಗುತ್ತದೆ ನಮ್ಮೂರಲ್ಲಿ.

ಹೋದ ದೀಪಾವಳಿಗೆ ಬಂದಾಗ ಅವಳು ನನ್ನ ಹತ್ತಿರ ಇನ್ನೊಂದು ಪತ್ರ ಕೇಳಿದಳು. ಮೇಲಿನ ಹುದ್ದೆಗೆ ಅರ್ಜಿ ಹಾಕುತ್ತಿದ್ದಳು. ನಾನು ಹಳೆಯ ನಮೂನೆಯನ್ನು ಬದಿಗಿಟ್ಟು ಬರೆದೆ: ‘ಈಕೆ ಕಣ್ಣು ತೆರೆದು ನೋಡುತ್ತಾಳೆ. ತಪ್ಪು ಕಂಡರೆ ಹೇಳುತ್ತಾಳೆ. ಹೇಳಿದ್ದನ್ನು ಮಾಡಿ ತೋರಿಸುತ್ತಾಳೆ. ಒಂಬತ್ತನೆಯ ತರಗತಿಯಲ್ಲಿ ನನ್ನದೊಂದು ತಪ್ಪನ್ನು ಈಕೆ ತೋರಿಸಿದ್ದಳು, ಆಗ ನಾನು ಒಪ್ಪಿಕೊಳ್ಳಲಿಲ್ಲ. ಈಗ ಒಪ್ಪಿಕೊಳ್ಳುತ್ತೇನೆ.’ ಓದಿದ ಅವಳು ‘ಇದನ್ನ ಹ್ಯಾಂಗ ಕೊಡ್ಲಿ ಅಕ್ಕೋರ, ನಕ್ಕಾರು’ ಎಂದಳು. ‘ನಗುವವರ ಹತ್ತಿರ ಕೆಲಸಕ್ಕೆ ಹೋಗಬೇಡ’ ಎಂದೆ.

ಆ ವರ್ಷದಿಂದ ನಾನು ಯಾವ ಹುಡುಗಿಗೂ ‘ವಿಧೇಯ’ ಎಂದು ಬರೆದಿಲ್ಲ. ಹಲಗೆಯ ಮೇಲೆ ‘ನೇಕಾರನು’ ಎಂದು ಬರೆಯುವುದನ್ನೂ ಬಿಟ್ಟಿದ್ದೇನೆ; ‘ನೇಕಾರರು’ ಎಂದು ಬರೆದು, ಯಾರು ಯಾರು ಎಂದು ಮಕ್ಕಳನ್ನೇ ಕೇಳುತ್ತೇನೆ. ನೀವೂ ಒಂದು ಕೆಲಸ ಮಾಡಿ. ನಿಮ್ಮ ಮಗಳನ್ನು ನೋಡಲು ಬಂದವರಾಗಲಿ, ಅವಳಿಗೆ ಕೆಲಸ ಕೊಡಲು ಕೂತವರಾಗಲಿ, ‘ಹೊಂದಿಕೊಂಡು ಹೋಗ್ತಾಳೇನು?’ ಎಂದು ಕೇಳಿದರೆ, ತಲೆ ತಗ್ಗಿಸಿ ಹೂಂ ಅನ್ನಬೇಡಿ. ‘ಹೋಗ್ತಾಳ್ರಿ. ನೀವು ಎಷ್ಟು ಹೊಂದಿಕೊಳ್ತೀರಿ, ಅದನ್ನ ಮೊದಲ ಹೇಳ್ರಿ’ ಎನ್ನಿ.